ಎದೆಯೊಳಗೆ ಕೂತವರು ಯಾರು? - ಮನಸ್ಸಿನ ವಿಜ್ಞಾನವೂ ನಮ್ಮ ಮನೆಮಾತೂ

ಕಳೆದ ವರ್ಷದ ರಾಜ್ಯೋತ್ಸವ ಕಾರ್ಯಕ್ರಮ ಮುಗಿದು ಕುರ್ಚಿಗಳನ್ನು ಮಡಚಿಡುವ ಕೆಲಸ ನಡೆದಿತ್ತು. ನಮ್ಮ ಸೆಕ್ಟರಿನ ಒಬ್ಬ ಹುಡುಗಿ, ಆಗ ಹನ್ನೆರಡನೆಯ ತರಗತಿ, ನನ್ನ ಹತ್ತಿರ ಬಂದು, "ಅಂಕಲ್, ನನಗೆ ಕ್ಲಿನಿಕಲ್ ಸೈಕಾಲಜಿ ಮಾಡಬೇಕು ಅಂತ ಇದೆ, ಪಪ್ಪಾಗೆ ಸ್ವಲ್ಪ ನೀವಾದರೂ ಹೇಳಿ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ತಂದೆ, "ಮಾಡಲಿ ಬಿಡಿ, ಠಾಣೆ ಹತ್ತಿರಾನೇ ಇದೆಯಲ್ಲ, ಹೋಗಿ ಬರೋದು ಸುಲಭ!" ಎಂದರು. ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಹುಡುಗಿ ಮಾತ್ರ ನಗಲಿಲ್ಲ.

ಈ ನಗೆಯ ಅರ್ಥ ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಹೇಳಬೇಕಾಗಿಲ್ಲ. ಠಾಣೆಯಲ್ಲಿ 1901ರಿಂದ ಮಾನಸಿಕ ಆಸ್ಪತ್ರೆ ಇದೆ. ಹಾಗಾಗಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ 'ಇವನನ್ನು ಠಾಣೆಗೆ ಕಳಿಸಿ' ಎನ್ನುವುದು ಇಲ್ಲಿನ ರೂಢಿ. ನಿಮ್ಮ ಅಜ್ಜನ ಊರು ಧಾರವಾಡದ ಕಡೆಯದಾಗಿದ್ದರೆ ಇದೇ ಮಾತು 'ಧಾರವಾಡಕ್ಕ ಕಳಸ್ರಿ' ಎಂದಾಗುತ್ತದೆ. ಅಲ್ಲಿನ ಆಸ್ಪತ್ರೆಯ ಚರಿತ್ರೆ 1845ರಷ್ಟು ಹಿಂದಕ್ಕೆ ಹೋಗುತ್ತದೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದ್ದೇ ಇದೆ. ಊರಿಗೊಂದು ಆಸ್ಪತ್ರೆ, ಆಸ್ಪತ್ರೆಗೊಂದು ಹಾಸ್ಯ! ಹೊಟ್ಟೆನೋವಿನ ಆಸ್ಪತ್ರೆಯ ಬಗ್ಗೆ ನಾವು ಹೀಗೆ ನಗುವುದಿಲ್ಲ ಎಂಬುದನ್ನು ಗಮನಿಸಿ.

ಅಂದು ರಾತ್ರಿ ಮನೆಗೆ ಬಂದ ಮೇಲೆ, ನಕ್ಕದ್ದು ತಪ್ಪಾಯಿತು ಎನ್ನಿಸಿತು. ಅದಕ್ಕೊಂದು ಹಳೆಯ ಕಾರಣವೂ ಇದೆ, ಮುಂದೆ ಹೇಳುತ್ತೇನೆ. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಓದುವುದು ನಿಧಾನವಾದರೆ ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿಕೊಳ್ಳಿ. ಅಜ್ಜಿಯಾದರೆ ಇನ್ನೂ ಒಳ್ಳೆಯದು.

ಮೊದಲು ಒಂದು ಗೊಂದಲ ಬಗೆಹರಿಸೋಣ. ಸೈಕಿಯಾಟ್ರಿಸ್ಟ್ ಎಂದರೆ ಎಂ.ಬಿ.ಬಿ.ಎಸ್. ಓದಿ, ಆಮೇಲೆ ಮನೋರೋಗದಲ್ಲಿ ಹೆಚ್ಚಿನ ತರಬೇತಿ ಪಡೆದ ವೈದ್ಯರು. ಅವರು ಔಷಧಿ ಬರೆದುಕೊಡಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರದ ದಾರಿಯಿಂದ ಬಂದವರು. ಪರೀಕ್ಷೆಗಳಿಂದ ಮನಸ್ಸಿನ ಸ್ಥಿತಿಯನ್ನು ಅಳೆಯುವುದು, ಮಾತಿನ ಮೂಲಕ ಚಿಕಿತ್ಸೆ ಕೊಡುವುದು ಇವರ ಕೆಲಸ. ಇವರಲ್ಲಿ ಕೆಲವರು ವಿಶ್ವವಿದ್ಯಾಲಯಗಳಲ್ಲಿ, ಸಂಸ್ಥೆಗಳಲ್ಲಿ ಪ್ರಾಧ್ಯಾಪಕರಾಗಿ ರೋಗಿಗಳನ್ನೂ ನೋಡುತ್ತಾರೆ, ವಿದ್ಯಾರ್ಥಿಗಳನ್ನೂ ತಿದ್ದುತ್ತಾರೆ, 'ಈ ಮಾತಿನಿಂದ ನಿಜಕ್ಕೂ ಗುಣವಾಗುತ್ತದೆಯೇ?' ಎಂದು ಸಂಶೋಧನೆಯನ್ನೂ ಮಾಡುತ್ತಾರೆ. ಈ ಮೂರೂ ಸೇರಿದ ಬದುಕಿನ ಬಗ್ಗೆಯೇ ನಾನು ಹೇಳಹೊರಟಿರುವುದು.

ಇದು ನಮಗೆ ಹೊರಗಿನಿಂದ ಬಂದ ಹೊಸ ಫ್ಯಾಷನ್ ಎಂದು ತಿಳಿಯಬೇಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಇವರ ಹೆಸರು ಕೇಳಿಲ್ಲ ಎನ್ನುವಿರಾ? ಇವರ ಕೆಲಸವನ್ನು ನಿಮ್ಮ ಅಜ್ಜ ಪ್ರತಿದಿನ ಕೇಳಿದ್ದಾರೆ! 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ರೇಡಿಯೋ ಕೇಂದ್ರ ತೆರೆದು ಅದಕ್ಕೆ 'ಆಕಾಶವಾಣಿ' ಎಂದು ಕರೆದವರು ಈ ಸೈಕಾಲಜಿ ಪ್ರೊಫೆಸರರೇ. ಆ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮನುಷ್ಯನ ಕಿವಿಗೂ ಮನಸ್ಸಿಗೂ ಇರುವ ನಂಟು ಅವರಿಗೆ ಚೆನ್ನಾಗಿ ತಿಳಿದಿತ್ತೆಂದು ಕಾಣುತ್ತದೆ.

ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಯ ಕ್ರಮಬದ್ಧ ತರಬೇತಿ ಆರಂಭವಾದದ್ದು ಅಲ್ಲಿಯೇ. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿ ಕ್ಲಿನಿಕಲ್ ಸೈಕಾಲಜಿಯ ಪ್ರಾಧ್ಯಾಪಕರಾಗಿದ್ದ ಎಸ್. ಕೆ. ರಾಮಚಂದ್ರ ರಾವ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಹಾಸನದವರು. ಸಂಸ್ಕೃತ, ಪಾಳಿ ಬಲ್ಲವರು. ಭಾರತೀಯ ಮನಶ್ಶಾಸ್ತ್ರ ಚಿಂತನೆ ಹೇಗೆ ಬೆಳೆಯಿತೆಂದು ಗ್ರಂಥ ಬರೆದರು. ಮುಂದೆ ಪ್ರತಿಮಾಶಾಸ್ತ್ರ, ಆಗಮಗಳ ಬಗ್ಗೆ ಕೋಶಗಳನ್ನೇ ರಚಿಸಿದರು. 2006ರಲ್ಲಿ ತೀರಿಕೊಂಡಾಗ ಅವರನ್ನು ನಾಡು ನೆನೆದದ್ದು ಹೆಚ್ಚಾಗಿ ಪಂಡಿತರೆಂದು. ರೋಗಿಗಳ ಎದುರು ಕೂತ ವರ್ಷಗಳನ್ನು ಅಷ್ಟಾಗಿ ಯಾರೂ ಹೇಳಲಿಲ್ಲ. ಇನ್ನು 'ರಾಶಿ' ಎಂದೇ ಹೆಸರಾದ ಡಾ. ಎಂ. ಶಿವರಾಂ, 'ಕೊರವಂಜಿ' ಪತ್ರಿಕೆಯಲ್ಲಿ ನಾಡನ್ನೇ ನಗಿಸಿದವರು, ಮನೋರೋಗಗಳ ಬಗ್ಗೆ ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಗಿಸುವುದಕ್ಕೂ ಮನಸ್ಸಿನ ಕಾಯಿಲೆಯನ್ನು ನೋಡಿ ನಗುವುದಕ್ಕೂ ಇರುವ ಅಂತರ ಅವರಿಗೆ ಗೊತ್ತಿತ್ತು.

ಈಗ ಮಾತಿನ ಚಿಕಿತ್ಸೆಯ ಕಥೆಗೆ ಬರೋಣ. ಇದು ಶುರುವಾಗುವುದೇ ಮಾತೃಭಾಷೆ ಮರೆತ ಒಬ್ಬ ಹುಡುಗಿಯಿಂದ ಎಂದರೆ ನಂಬುತ್ತೀರಾ?

1880ರಲ್ಲಿ ವಿಯೆನ್ನಾ ನಗರದಲ್ಲಿ ಇಪ್ಪತ್ತೊಂದು ವರ್ಷದ ಯುವತಿಯೊಬ್ಬಳು ಕಾಯಿಲೆ ಬಿದ್ದ ತಂದೆಯ ಶುಶ್ರೂಷೆ ಮಾಡುತ್ತಾ ತಾನೇ ಹಾಸಿಗೆ ಹಿಡಿದಳು. ಕೈಕಾಲು ಮರಗಟ್ಟಿದವು, ಕಣ್ಣು ಮಂಜಾಯಿತು. ಎಲ್ಲಕ್ಕಿಂತ ಆಶ್ಚರ್ಯವೆಂದರೆ, ತನ್ನ ಮನೆಮಾತಾದ ಜರ್ಮನ್ ಅವಳ ಬಾಯಿಂದ ಹೊರಟೇ ಹೋಯಿತು. ಅವಳು ಆಡುತ್ತಿದ್ದದ್ದು ಇಂಗ್ಲಿಷ್ ಮಾತ್ರ. ಡಾ. ಬ್ರಾಯರ್ ಎಂಬ ವೈದ್ಯರು ಸಂಜೆ ಸಂಜೆ ಬಂದು ಅವಳು ಹೇಳಿದ್ದನ್ನು ಕೇಳುತ್ತಾ ಕೂರುತ್ತಿದ್ದರು. ಒಂದೊಂದು ಲಕ್ಷಣವೂ ಮೊದಲು ಎಲ್ಲಿ ಹುಟ್ಟಿತೆಂದು ನೆನೆದು ಹೇಳಿದಾಗ ಅದು ಕಡಿಮೆಯಾಗುತ್ತಿತ್ತಂತೆ. 'ಟಾಕಿಂಗ್ ಕ್ಯೂರ್', ಅಂದರೆ ಮಾತಿನ ಮದ್ದು ಎಂಬ ಹೆಸರನ್ನು ಇಟ್ಟವಳು ಅವಳೇ, ಅದೂ ಇಂಗ್ಲಿಷಿನಲ್ಲಿ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಅವಳ ಹೆಸರು ಮರೆಮಾಡಿ 'ಅನ್ನಾ ಓ.' ಎಂದು ಬರೆದ ವರದಿಯಿಂದಲೇ ಮನೋವಿಶ್ಲೇಷಣೆಯ ಚರಿತ್ರೆ ತೆರೆಯುತ್ತದೆ. ಅವಳ ನಿಜವಾದ ಹೆಸರು ಬೆರ್ಥಾ ಪಾಪೆನ್‌ಹೈಮ್. ಮುಂದೆ ಅವಳು ಹೆಣ್ಣುಮಕ್ಕಳಿಗಾಗಿ ದುಡಿದ ದೊಡ್ಡ ಸಮಾಜ ಸೇವಕಿಯಾದಳು.

ನಮ್ಮ ದೇಶಕ್ಕೂ ಈ ವಿದ್ಯೆ ಬೇಗನೆ ಬಂತು. ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲಿಯೇ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಫ್ರಾಯ್ಡ್ ಜೊತೆ ಪತ್ರ ವ್ಯವಹಾರ ನಡೆಸಿ, 'ನಮ್ಮ ರೋಗಿಗಳಲ್ಲಿ ನಾನು ಕಾಣುವುದು ನೀವು ಹೇಳಿದಂತೆ ಇಲ್ಲ' ಎಂದು ವಾದಿಸುವ ಧೈರ್ಯವೂ ಅವರಿಗಿತ್ತು. 1931ರಲ್ಲಿ ಫ್ರಾಯ್ಡ್ ಎಪ್ಪತ್ತೈದು ತುಂಬಿದಾಗ ಈ ಸಂಘದವರು ಕಳಿಸಿದ ದಂತದ ವಿಷ್ಣು ವಿಗ್ರಹ ಆತನ ಮೇಜಿನ ಮೇಲೆ ಜಾಗ ಪಡೆಯಿತು. ನಮ್ಮ ಮುಂಬಯಿಗೆ ಬಂದದ್ದು ಇನ್ನೊಂದು ದಾರಿಯಿಂದ. ಇಟಲಿಯಲ್ಲಿ ಯಹೂದ್ಯರ ವಿರುದ್ಧ ಕಾನೂನು ಬಂದಾಗ ಎಮಿಲಿಯೋ ಸೆರ್ವಾದಿಯೋ ಎಂಬ ಮನೋವಿಶ್ಲೇಷಕರು 1938ರಲ್ಲಿ ಭಾರತಕ್ಕೆ ಓಡಿ ಬಂದು ಇಲ್ಲಿ ಕೆಲವು ವರ್ಷ ಕೆಲಸ ಮಾಡಿದರು. ವಲಸೆ ಬಂದವರನ್ನೆಲ್ಲ ಮುಂಬಯಿ ಹೇಗೋ ಒಂದು ಮೂಲೆಯಲ್ಲಿ ಕೂರಿಸಿಕೊಳ್ಳುತ್ತದೆ, ನಮ್ಮ ಹಿರಿಯರನ್ನು ಕೂರಿಸಿಕೊಂಡಂತೆ.

ಫ್ರಾಯ್ಡ್ ಹೇಳಿದ್ದರಲ್ಲಿ ಎಷ್ಟೋ ಸಂಗತಿಗಳನ್ನು ಇಂದು ಯಾರೂ ಒಪ್ಪುವುದಿಲ್ಲ. ಉಳಿದದ್ದು ಮೂರು ನಾಲ್ಕು ಮುಖ್ಯ ತಿಳಿವಳಿಕೆಗಳು. ನಮ್ಮ ಮನಸ್ಸಿನಲ್ಲಿ ನಡೆಯುವುದೆಲ್ಲ ನಮಗೇ ತಿಳಿದಿರುವುದಿಲ್ಲ. ಸಹಿಸಲಾರದ್ದನ್ನು ಮನಸ್ಸು ಬದಿಗೆ ಸರಿಸುತ್ತದೆ. ಚಿಕ್ಕಂದಿನ ಸಂಬಂಧಗಳ ಅಚ್ಚು ಮುಂದಿನ ಸಂಬಂಧಗಳ ಮೇಲೂ ಬೀಳುತ್ತದೆ. ಇವನ್ನು ಆಧರಿಸಿದ ಚಿಕಿತ್ಸೆಗೇ ಇಂದು ಸೈಕೋಡೈನಮಿಕ್ ಸೈಕೋಥೆರಪಿ ಎನ್ನುತ್ತಾರೆ. ಹಾಸಿಗೆಯ ಮೇಲೆ ಮಲಗಬೇಕಾಗಿಲ್ಲ, ವಾರಕ್ಕೊಮ್ಮೆ ಎದುರು ಬದುರು ಕೂತು ಮಾತಾಡಿದರೆ ಆಯಿತು. ತಂದೆಯ ಮೇಲಿನ ಸಿಟ್ಟನ್ನು ರೋಗಿ ತನಗೇ ತಿಳಿಯದೆ ಥೆರಪಿಸ್ಟ್ ಮೇಲೆ ತೋರಿಸುವುದುಂಟು. ಇದಕ್ಕೆ ಟ್ರಾನ್ಸ್‌ಫರೆನ್ಸ್ ಎಂದು ಹೆಸರು, ಕನ್ನಡದಲ್ಲಿ ಭಾವ ವರ್ಗಾವಣೆ. ಬ್ಯಾಂಕಿನ ವರ್ಗಾವಣೆಯಿಂದಲೇ ಮುಂಬಯಿಗೆ ಬಂದು ಬಿದ್ದ ನಮ್ಮಂಥವರಿಗೆ ಆ ಶಬ್ದ ಕೇಳಿದರೆ ಇಂದಿಗೂ ಎದೆ ಧಸಕ್ಕೆನ್ನುತ್ತದೆ, ಅದು ಬೇರೆ ಮಾತು.

ಈಗ ಆ ಹಳೆಯ ಕಾರಣ. 1984ರ ಮಾತು. ನನ್ನ ಚಿಕ್ಕಮ್ಮ ಡೊಂಬಿವಲಿಯ ಒಂದು ಚಾಳಿನಲ್ಲಿದ್ದಳು. ಚಿಕ್ಕಪ್ಪನಿಗೆ ಪರೇಲಿನ ಗಿರಣಿಯಲ್ಲಿ ಕೆಲಸ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರ ಎಷ್ಟು ಮನೆಗಳ ಒಲೆ ಆರಿಸಿತೆಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಚಿಕ್ಕಪ್ಪನ ಕೆಲಸವೂ ಹೋಯಿತು. ಎರಡು ವರ್ಷದ ಮೇಲೆ ಚಿಕ್ಕಮ್ಮ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಅವಳಿಗೆ ಧಾರವಾಡದ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಆಗ ತಾನೆ ಕೆಲಸಕ್ಕೆ ಸೇರಿದ್ದ ನಾನು ದುಭಾಷಿಯಾಗಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಎದ್ಯಾಗ ಏನೋ ಕುಂತಂಗ ಆಗ್ತದ" ಎಂದಳು. ನಾನು ಹಿಂದಿಯಲ್ಲಿ 'ಎದೆ ನೋವು' ಎಂದು ಹೇಳಿದೆ. ಇ.ಸಿ.ಜಿ. ತೆಗೆದರು, ಸರಿಯಾಗಿತ್ತು. ಟಾನಿಕ್ ಬರೆದರು. ಮತ್ತೊಮ್ಮೆ ಹೋದೆವು, ಮತ್ತೆ ಅವಳು ಅದನ್ನೇ ಹೇಳಿದಳು, ಮತ್ತೆ ನಾನು 'ನೋವು' ಎಂದೆ. ಡಾಕ್ಟರರದು ತಪ್ಪೆಂದು ಹೇಳಲಾರೆ. ಅವರ ಕಿವಿಗೆ ತಲುಪಿದ್ದು ನನ್ನ ಮಾತು, ಅವಳದಲ್ಲ.

ಕೊನೆಗೆ ಅವಳನ್ನು ತವರಿಗೆ ಕಳಿಸಿದರು. ಅಲ್ಲಿ ವಯಸ್ಸಾದ ಡಾಕ್ಟರೊಬ್ಬರು ಅವಳ ಮಾತು ಕೇಳಿ, ಒಂದು ಗಳಿಗೆ ಸುಮ್ಮನಿದ್ದು, "ಯಾರು ಕುಂತಾರ ತಂಗಿ?" ಎಂದು ಕೇಳಿದರಂತೆ. ಅಷ್ಟೇ. ಚಿಕ್ಕಮ್ಮ ಒಂದು ತಾಸು ಅತ್ತಳಂತೆ. ಮುಷ್ಕರದ ಮೊದಲ ವರ್ಷ ಅವಳ ತಾಯಿ ತೀರಿಕೊಂಡಿದ್ದರು. ರೈಲಿನ ಖರ್ಚಿಗೆ ದುಡ್ಡಿಲ್ಲದೆ ಮುಖ ನೋಡಲು ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ, ಅವಳೂ ಎತ್ತಿರಲಿಲ್ಲ. ಎದೆಯಲ್ಲಿ ಕೂತವಳು ಅವ್ವ. ಆಮೇಲೆ ಔಷಧಿಯನ್ನೂ ಕೊಟ್ಟರು, ಹಲವು ಸಲ ಕರೆಸಿ ಮಾತಾಡಿಸಿದರು. ಗುಣವಾಗಲು ವರ್ಷವೇ ಹಿಡಿಯಿತು. ಆ ಡಾಕ್ಟರರು ಫ್ರಾಯ್ಡ್ ಓದಿದ್ದರೋ ಇಲ್ಲವೋ, 'ಏನು' ಎಂಬುದನ್ನು 'ಯಾರು' ಎಂದು ತಿರುಗಿಸಿ ಕೇಳಿದ ಆ ಒಂದು ಪ್ರಶ್ನೆಯಲ್ಲಿ ಈ ಚಿಕಿತ್ಸೆಯ ಅರ್ಧ ವಿದ್ಯೆ ಅಡಗಿದೆ ಎಂದು ನಾನು ತಿಳಿದಿದ್ದೇನೆ. ಅದನ್ನು ಕೇಳಲು 'ಕುಂತಂಗ' ಎಂಬ ಶಬ್ದ ಕಿವಿಗೆ ಬಿದ್ದಿರಬೇಕಿತ್ತು.

ಇದು ನನ್ನೊಬ್ಬನ ಭಾವುಕತೆಯಲ್ಲ. ಮನೋವಿಶ್ಲೇಷಕ ರಾಲ್ಫ್ ಗ್ರೀನ್‌ಸನ್ 1950ರಲ್ಲಿ ಮಾತೃಭಾಷೆ ಮತ್ತು ಮಾತೆಯ ಕುರಿತು ಒಂದು ಲೇಖನ ಬರೆದರು. ಅವರ ರೋಗಿಯ ಮನೆಮಾತು ಜರ್ಮನ್, ಚಿಕಿತ್ಸೆ ನಡೆದದ್ದು ಇಂಗ್ಲಿಷಿನಲ್ಲಿ. ಜರ್ಮನ್ ಆಡಿದರೆ ತಾನು ಹೆದರಿದ ಕೊಳಕು ಮಗುವಾಗಿಬಿಡುತ್ತೇನೆ, ಇಂಗ್ಲಿಷಿನಲ್ಲಾದರೆ ಒಬ್ಬ ನಾಜೂಕಾದ ಹೆಂಗಸು ಎಂಬ ಅರ್ಥದಲ್ಲಿ ಅವಳು ಹೇಳಿದ್ದಳು. ಅಂದರೆ ನಡುವೆ ಕಲಿತ ಭಾಷೆ ಒಂದು ಒಳ್ಳೆಯ ಕೋಟು ಇದ್ದಂತೆ; ಚಳಿಯಿಂದ ಕಾಪಾಡುತ್ತದೆ, ಒಳಗಿನ ಗಾಯವನ್ನೂ ಮುಚ್ಚಿಡುತ್ತದೆ. ನೀವೇ ನೋಡಿಕೊಳ್ಳಿ. ಗೆಳೆಯರ ಜೊತೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ರಿಕ್ಷಾದವನ ಜೊತೆ ಹಿಂದಿ. ಆದರೆ ಜ್ವರ ಬಂದಾಗ 'ಅಮ್ಮಾ' ಎಂದು ನರಳುವುದು ಯಾವ ಭಾಷೆಯಲ್ಲಿ? ಪರೀಕ್ಷೆಯಲ್ಲಿ ಫೇಲಾದ ಸುದ್ದಿಯನ್ನು ಮನೆಯಲ್ಲಿ ಬೇಕೆಂದೇ ಇಂಗ್ಲಿಷಿನಲ್ಲಿ ಹೇಳಿದವರು ನಿಮ್ಮಲ್ಲಿ ಎಷ್ಟು ಜನ?

ನಮ್ಮ ಎ. ಕೆ. ರಾಮಾನುಜನ್ ಅವರದೂ ಹೀಗೆಯೇ ಹಲವು ಭಾಷೆಗಳ ಮನೆ. ಮೈಸೂರಿನಲ್ಲಿ ಮಹಡಿಯ ಮೇಲೆ ತಂದೆಯ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಾಯಿಯ ತಮಿಳು, ಬೀದಿಗೆ ಇಳಿದರೆ ಕನ್ನಡ. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದು, ಮುಂದೆ ಷಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಅವರು, ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಕೇಳಿದ ಒಂದು ಜನಪದ ಕಥೆಯನ್ನು ಹಿಡಿದು 'ದಿ ಇಂಡಿಯನ್ ಈಡಿಪಸ್' ಎಂಬ ಪ್ರಬಂಧ ಬರೆದರು. ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತು ಹುಟ್ಟಿದ ಹೆಣ್ಣಿನ ಕಥೆ ಅದು. ಗ್ರೀಕರಲ್ಲಿ ಮಗ ತಂದೆಯನ್ನು ಕೊಲ್ಲುತ್ತಾನೆ, ಕಥೆ ಮಗನದು. ನಮ್ಮಲ್ಲಿ ಕಥೆಯನ್ನು ತಾಯಿಯ ಕಡೆಯಿಂದ ಹೇಳಲಾಗಿದೆ ಎಂದು ಅವರು ತೋರಿಸಿದರು. ಫ್ರಾಯ್ಡ್‌ನ ಸಿದ್ಧಾಂತಕ್ಕೆ ಉತ್ತರ ಕೊಟ್ಟದ್ದು ಒಬ್ಬ ಕನ್ನಡ ಅಜ್ಜಿಯ ಕಥೆ! ಸಂಶೋಧನೆಗೆ ಸಾಮಗ್ರಿ ನಮ್ಮ ಮನೆಯ ಪಡಸಾಲೆಯಲ್ಲಿಯೇ ಇರುತ್ತದೆ, ಅದನ್ನು ಕೇಳಿಸಿಕೊಳ್ಳುವವರು ಬೇಕು.

ಬೆಂಗಳೂರಿನ ಸಂಸ್ಥೆಯವರೂ ಇದನ್ನು ಅನುಭವದಿಂದ ಕಂಡರು. ಡಾ. ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಂ 1964ರಲ್ಲಿ ಬರೆದ ಚಿಕ್ಕ ಲೇಖನ ಇಂದಿಗೂ ಹೆಸರಾಗಿದೆ. ನಮ್ಮ ರೋಗಿ ಥೆರಪಿಸ್ಟ್‌ನಲ್ಲಿ ಮನೆಯ ಹಿರಿಯನನ್ನು ಕಾಣಬಯಸುತ್ತಾನೆ, ಒಳಮನಸ್ಸಿನ ವಿವರಣೆಗಿಂತ ನೇರವಾದ ಆಸರೆಯನ್ನು ಕೇಳುತ್ತಾನೆ, ಗಡಿಯಾರ ನೋಡಿ ಎದ್ದುಹೋಗುವುದಿಲ್ಲ ಎಂಬುದು ಅದರ ಸಾರ. ಉಡುಪಿ ಕಡೆಯವರಿಗೆ ಇನ್ನೊಂದು ಪುಸ್ತಕದ ಹೆಸರು ಹೇಳುತ್ತೇನೆ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಬರೆದ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟಾ', 1976. ಇದು ಶಿವರಾಮ ಕಾರಂತರ ಹುಟ್ಟೂರಾದ ಅದೇ ಕೋಟ. ಅಲ್ಲಿನ ಬ್ರಾಹ್ಮಣ, ಬಂಟ, ಮೊಗೇರ ಮನೆಗಳಲ್ಲಿ ಮನಸ್ಸಿನ ತೊಂದರೆ ಹೇಗೆ ಕಾಣಿಸುತ್ತದೆ ಎಂದು ಮನೆ ಮನೆಗೆ ಹೋಗಿ ಕೇಳಿ ಬರೆದದ್ದು. ನಿಮ್ಮ ಅಜ್ಜನ ಊರು ಜಗತ್ತಿನ ಮನೋವೈದ್ಯಶಾಸ್ತ್ರದ ಗ್ರಂಥಾಲಯಗಳಲ್ಲಿ ಇದೆ!

ನಮ್ಮ ಶಬ್ದಗಳನ್ನೇ ನೋಡಿ. 'ಬೇಜಾರು' ಎಂದರೆ ಏನು? ಸಿನಿಮಾ ಚೆನ್ನಾಗಿಲ್ಲದಿದ್ದರೆ ಬೇಜಾರು, ಗೆಳತಿ ಮಾತು ಬಿಟ್ಟರೆ ಬೇಜಾರು, ಗಂಡ ಸತ್ತ ಮೇಲೆ ಬದುಕೇ ಬೇಜಾರು. ಇಂಗ್ಲಿಷಿನ ಮೂರು ನಾಲ್ಕು ಶಬ್ದಗಳನ್ನು ಇದೊಂದೇ ನುಂಗಿ ಕೂತಿದೆ. 'ಸಂಕಟ' ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ಹೊಟ್ಟೆ ಉರಿಯುತ್ತದೆ, ಕರುಳು ಚುರುಕ್ಕೆನ್ನುತ್ತದೆ, ತಲೆ ಕೆಡುತ್ತದೆ, ಎದೆ ಭಾರವಾಗುತ್ತದೆ, ಕೈಕಾಲು ಬಿದ್ದುಹೋಗುತ್ತವೆ. ನಮ್ಮ ದುಃಖಕ್ಕೆ ದೇಹವೇ ಬಾಯಿ. 'ಡಿಪ್ರೆಶನ್ ಇದೆಯೇ?' ಎಂದು ಕೇಳಿದರೆ ನಿಮ್ಮ ಅಜ್ಜಿ ಇಲ್ಲ ಎಂದೇ ಹೇಳುತ್ತಾರೆ.

ಇನ್ನು ಸಂಶೋಧನೆಯ ಮಾತು. ಅನ್ನಾ ಓ. ಗುಣಮುಖಳಾದಳೆಂದು ಮೊದಲ ವರದಿ ಹೇಳಿತು. ಆದರೆ 1882ರಲ್ಲಿ ಅವಳನ್ನು ಒಂದು ಆರೋಗ್ಯಧಾಮಕ್ಕೆ ಸೇರಿಸಿದ್ದರೆಂಬುದನ್ನು ಮುಂದೆ ಚರಿತ್ರಕಾರರು ಹುಡುಕಿ ತೆಗೆದರು. ಹಾಗಾಗಿ 'ಗುಣವಾಯಿತು ಎಂದು ಹೇಳುವವರು ಯಾರು, ಆಧಾರವೇನು?' ಎಂಬ ಪ್ರಶ್ನೆ ಈ ವಿದ್ಯೆಯ ಬೆನ್ನಿಗೆ ಹುಟ್ಟಿದಾಗಿನಿಂದಲೂ ಇದೆ. 1952ರಲ್ಲಿ ಐಸೆಂಕ್ ಎಂಬ ಮನಶ್ಶಾಸ್ತ್ರಜ್ಞರು, ಇಂಥ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಚಿಕಿತ್ಸೆ ಇಲ್ಲದೆಯೂ ಸುಧಾರಿಸುತ್ತಾರೆ, ನಿಮ್ಮ ಮಾತಿನಿಂದ ಆದ ಲಾಭ ತೋರಿಸಿ ಎಂದು ಸವಾಲು ಹಾಕಿದರು. ಅವರ ಲೆಕ್ಕವನ್ನು ಅನೇಕರು ಒಪ್ಪಲಿಲ್ಲ, ಆದರೆ ಸವಾಲು ಒಳ್ಳೆಯದೇ ಆಯಿತು.

ಅದಕ್ಕೆ ಉತ್ತರಿಸ ಹೊರಟವರಲ್ಲಿ ಡೇವಿಡ್ ಮಲಾನ್ ಒಬ್ಬರು. 1922ರಲ್ಲಿ ಹುಟ್ಟಿದ್ದು ನಮ್ಮ ಮೈಸೂರಿನ ನೆರೆಯ ಊಟಿಯಲ್ಲಿ. ಲಂಡನ್ನಿನ ಟಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾ, ಕಡಿಮೆ ಅವಧಿಯ ಚಿಕಿತ್ಸೆ ಪಡೆದವರನ್ನು ವರ್ಷಗಳ ನಂತರ ಮತ್ತೆ ಹುಡುಕಿ ಕರೆಸಿ ವಿಚಾರಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೆಸ್ಟರ್ ಲುಬೋರ್ಸ್ಕಿ ಮಾಡಿದ್ದು ಇನ್ನೂ ಸ್ವಾರಸ್ಯವಾದ ಕೆಲಸ. ಚಿಕಿತ್ಸೆಯ ಮಾತುಕತೆಯನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ರೋಗಿ ಹೇಳುವ ಪ್ರತಿಯೊಂದು ಪ್ರಸಂಗದಲ್ಲಿಯೂ ಮೂರು ಅಂಶ ಹುಡುಕಬೇಕು: ಅವನು ಬಯಸಿದ್ದೇನು, ಎದುರಿನವರು ಮಾಡಿದ್ದೇನು, ಆಗ ತಾನು ಮಾಡಿದ್ದೇನು. ಒಂದು ಉದಾಹರಣೆ ನಾನೇ ಕಟ್ಟಿ ಹೇಳುತ್ತೇನೆ. 'ಅಪ್ಪ ನನ್ನ ಮಾತು ಕೇಳಲಿ ಅಂತ ಇತ್ತು, ಅವರು ಟಿ.ವಿ. ಸದ್ದು ಜಾಸ್ತಿ ಮಾಡಿದರು, ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.' ಇದೇ ನಮೂನೆ ಬಾಸ್ ಜೊತೆ, ಗೆಳತಿ ಜೊತೆ, ಕೊನೆಗೆ ಥೆರಪಿಸ್ಟ್ ಜೊತೆಯೂ ಮರಳಿ ಬರುತ್ತಿದ್ದರೆ ಅದೇ ಅವನ ಬದುಕಿನ ಪಲ್ಲವಿ. ಇಬ್ಬರು ಮೂವರು ಸಂಶೋಧಕರು ಒಬ್ಬರನ್ನೊಬ್ಬರು ಕೇಳದೆ ಇದನ್ನು ಗುರುತಿಸಿ, ಆಮೇಲೆ ತಾಳೆ ನೋಡುತ್ತಾರೆ. ಚಿಕಿತ್ಸೆ ಕೊಟ್ಟವರ ಹೇಳಿಕೆ ಒಂದನ್ನೇ ನಂಬಿ ಕೂರುವ ಕಾಲ ಹೀಗೆ ಹಿಂದಾಯಿತು.

2015ರಲ್ಲಿ ಪ್ರಕಟವಾದ ಟಾವಿಸ್ಟಾಕ್ ಅಧ್ಯಯನವನ್ನು ನೀವು ತಪ್ಪದೆ ಓದಬೇಕು. ಹಲವು ಚಿಕಿತ್ಸೆಗಳಿಂದಲೂ ಬಗ್ಗದ ಖಿನ್ನತೆಯ 129 ರೋಗಿಗಳು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆಗೆ ಹದಿನೆಂಟು ತಿಂಗಳು ಮಾತಿನ ಚಿಕಿತ್ಸೆ. ಚಿಕಿತ್ಸೆ ಮುಗಿದ ದಿನ ಎರಡು ಗುಂಪುಗಳ ನಡುವೆ ಅಂಥ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಅಲ್ಲಿಗೇ ಲೆಕ್ಕ ಮುಚ್ಚಿದ್ದರೆ ಐಸೆಂಕ್ ಗೆದ್ದರೆನ್ನಬಹುದಿತ್ತು. ಆದರೆ ಎರಡು ವರ್ಷ ಬಿಟ್ಟು ನೋಡಿದಾಗ, ಮಾತಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 30 ಜನ ಭಾಗಶಃವಾದರೂ ಚೇತರಿಸಿಕೊಂಡಿದ್ದರು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ ಸುಮಾರು 4. ಪೂರ್ತಿ ಗುಣವಾದವರು ಎರಡೂ ಕಡೆ ಕಡಿಮೆ ಎಂಬುದನ್ನೂ ಅವರು ಮುಚ್ಚಿಡದೆ ಬರೆದರು. ಮಾತು ನಿಧಾನವಾಗಿ ಕೆಲಸ ಮಾಡುತ್ತದೆ, ಮುಗಿದ ಮೇಲೂ ಮಾಡುತ್ತಿರುತ್ತದೆ.

ಲುಬೋರ್ಸ್ಕಿ ವಿಧಾನದಲ್ಲಿ ಕನ್ನಡದ ಮಾತುಕತೆಯನ್ನು ಅಳೆಯಬೇಕಾದರೆ, ಚಿಕ್ಕಮ್ಮನ 'ಕುಂತಂಗ'ವನ್ನು 'ನೋವು' ಎಂದು ಬರೆಯದ ಕೈ ಬೇಕಲ್ಲವೇ? ಎರಡು ಮೂರು ಭಾಷೆಗಳ ನಡುವೆ ಬೆಳೆದು, ಯಾವುದು ಎಲ್ಲಿ ಚುಚ್ಚುತ್ತದೆಂದು ಮೈಯಿಂದಲೇ ತಿಳಿದ ನಿಮ್ಮಂಥವರು ಇಲ್ಲಿ ಕೊರತೆಯವರಲ್ಲ. ನಿಮ್ಮ ಕನ್ನಡ ಅರೆಬರೆ ಎಂದು ನಾವು ಹಿರಿಯರು ಸಭೆಗಳಲ್ಲಿ ಬೈದದ್ದನ್ನು ಈ ಒಂದು ವಿಷಯದಲ್ಲಾದರೂ ಹಿಂತೆಗೆದುಕೊಳ್ಳುತ್ತೇನೆ.

ದಾರಿ ಮಾತ್ರ ಉದ್ದವಿದೆ, ಸುಳ್ಳು ಹೇಳುವುದಿಲ್ಲ. ಬಿ.ಎ. ಅಥವಾ ಬಿ.ಎಸ್ಸಿ., ಅನಂತರ ಮನಶ್ಶಾಸ್ತ್ರದಲ್ಲಿ ಎಂ.ಎ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಇದಕ್ಕೆ ವಿಭಾಗವಿದೆ. ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕಡೆ ಕ್ಲಿನಿಕಲ್ ತರಬೇತಿ. 1992ರ ಕಾಯಿದೆಯಂತೆ ಆ ನೋಂದಣಿ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಫಲಕ ಹಾಕುವಂತಿಲ್ಲ. ಬಹುಕಾಲ ಇದು ಎರಡು ವರ್ಷದ ಎಂ.ಫಿಲ್. ಆಗಿತ್ತು. ಯು.ಜಿ.ಸಿ.ಯ 2022ರ ನಿಯಮಗಳು ಎಂ.ಫಿಲ್. ಪದವಿಯನ್ನು ನಿಲ್ಲಿಸಿದವು, ಆಮೇಲೆ ಯು.ಜಿ.ಸಿ. ಈ ವಿಷಯಕ್ಕೆ ಸ್ವಲ್ಪ ಕಾಲಾವಕಾಶ ಕೊಟ್ಟಿತು, ಹೊಸ ಪದವಿಗಳು ಬರುತ್ತಿವೆ. ಹಾಗಾಗಿ ಅಣ್ಣ ಓದಿದ ದಾರಿಯನ್ನೇ ನಂಬದೆ ಪರಿಷತ್ತಿನ ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ನಿಮ್ಹಾನ್ಸ್, ರಾಂಚಿಯ ಕೇಂದ್ರ ಸಂಸ್ಥೆ ಮುಂತಾದ ಕಡೆ ಪ್ರವೇಶ ಪರೀಕ್ಷೆ ಕಠಿಣ, ಸೀಟು ಬೆರಳೆಣಿಕೆ. ಪ್ರಾಧ್ಯಾಪಕರಾಗಲು ಪಿಎಚ್.ಡಿ. ಬೇಕೇ ಬೇಕು. ಸಾಫ್ಟ್‌ವೇರ್ ಗೆಳೆಯ ಐರೋಲಿಯಲ್ಲಿ ಫ್ಲ್ಯಾಟ್ ಕೊಳ್ಳುವ ಹೊತ್ತಿಗೆ ನೀವು ಇನ್ನೂ ವಿದ್ಯಾರ್ಥಿವೇತನದಲ್ಲಿ ಇರುತ್ತೀರಿ. ಸೈಕೋಡೈನಮಿಕ್ ದಾರಿ ಹಿಡಿದವರು ತಾವೂ ಇನ್ನೊಬ್ಬರ ಎದುರು ಕೂತು ತಮ್ಮ ಮನಸ್ಸನ್ನು ಬಿಚ್ಚುವುದು ತರಬೇತಿಯ ಭಾಗ. ಅದಕ್ಕೂ ಸಮಯ, ಹಣ ಬೇಕು. ರೋಗಿ ಹೇಳಿದ್ದನ್ನು ಮನೆಯಲ್ಲಿ ಬಾಯಿ ಬಿಡುವಂತಿಲ್ಲ. ನಿಮ್ಹಾನ್ಸಿನ ಪೂರ್ಣಿಮಾ ಭೋಲಾ ಮತ್ತು ಅಹಲ್ಯಾ ರಘುರಾಮ್ ಸಂಪಾದಿಸಿ 2016ರಲ್ಲಿ ಹೊರತಂದ ಗ್ರಂಥವೊಂದು ಪೂರ್ತಿಯಾಗಿ ಈ ವೃತ್ತಿಯ ನೀತಿಯ ಪ್ರಶ್ನೆಗಳನ್ನೇ ಕುರಿತದ್ದು.

ಓದುತ್ತಿರುವ ನಿಮ್ಮಲ್ಲಿಯೇ ಯಾರಿಗಾದರೂ ಎದೆಯಲ್ಲಿ ಏನೋ ಕೂತಂತಿದ್ದರೆ, ಸರ್ಕಾರದ ಟೆಲಿ-ಮಾನಸ್ ಸೇವೆ 2022ರಿಂದ ಇದೆ. 14416ಕ್ಕೆ ಫೋನ್ ಮಾಡಿದರೆ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ, ಖರ್ಚಿಲ್ಲ. ಠಾಣೆಯ ಹಾಸ್ಯ ಮಾಡುವವರಿಗೆ ತಿಳಿಸಬೇಕಾಗಿಯೂ ಇಲ್ಲ.

ಆ ಹುಡುಗಿ ಈಗ ಬಿ.ಎ. ಮೊದಲನೆಯ ವರ್ಷದಲ್ಲಿದ್ದಾಳೆ. ತಂದೆ ಒಪ್ಪಿದ್ದು ಹೇಗೆಂದು ನಾನು ಕೇಳಲಿಲ್ಲ, ಚಿಕ್ಕಮ್ಮನ ಕಥೆಯನ್ನು ಮಾತ್ರ ಒಂದು ಸಂಜೆ ಅವರ ಮನೆಯಲ್ಲಿ ಕೂತು ಹೇಳಿ ಬಂದಿದ್ದೆ. ಕಳೆದ ವಾರ ಐರೋಲಿ ಸ್ಟೇಷನ್ನಿನಲ್ಲಿ ಸಿಕ್ಕಳು. ಕಾಲೇಜಿನ ಪ್ರಾಜೆಕ್ಟಿಗೆಂದು ಅಜ್ಜಿಯನ್ನು ಕೂರಿಸಿಕೊಂಡು 'ಸಂಕಟ' ಎಂದರೆ ಏನೇನು ಎಂದು ಬರೆದುಕೊಳ್ಳುತ್ತಿದ್ದಾಳಂತೆ. ಅಜ್ಜಿ ಒಂಬತ್ತು ಬಗೆ ಹೇಳಿದರಂತೆ. ಹತ್ತನೆಯದಕ್ಕೆ, "ನಿಮ್ಮಪ್ಪ ಸ್ವಲ್ಪ ಹೊರಗೆ ಹೋಗಲಿ, ಆಮೇಲೆ ಹೇಳ್ತೀನಿ" ಎಂದರಂತೆ.